ಪರಿಚಯವೂ ಹಂಗೂ

ಕಳ್ಳತನ ಕೂಡದು, ಲಂಚ ಕೂಡದು ಎಂಬ ವಿಷಯದಲ್ಲಿ ಸಜ್ಜನರಿಗೆ ಸಂಶಯವಿಲ್ಲ. ಆ ಬಗೆಯ ಪಾಪಗಳಿಗೆ ಹೆಸರಿದೆ. ಹೆಸರಿರುವುದರಿಂದ ಅವುಗಳನ್ನು ಗುರುತಿಸಿ ದೂರವಿರುವುದು ಸಾಧ್ಯ. ಗೃಹಸ್ಥನನ್ನು ನಿತ್ಯವೂ ಕಾಡುವುವು ಹೆಸರಿಲ್ಲದ ಸಣ್ಣ ಸಂಗತಿಗಳು. ಅವನ್ನು ಮಾಡಿದರೆ ತಪ್ಪೆಂದು ಯಾರೂ ಹೇಳರು. ಮಾಡಿದ ಮೇಲೆ ಮನಸ್ಸು ಮಾತ್ರ ಪೂರ್ತಿ ನಿರಾಳವಾಗದು. ಅಂಥದೊಂದು ಸಂಗತಿಯನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳಲಾಗಿದೆ. ಉದ್ಯೋಗದ ನಿಮಿತ್ತ ಪರಿಚಯವಾದ ವರ್ತಕರನ್ನೂ ಗುತ್ತಿಗೆದಾರರನ್ನೂ ನಮ್ಮ ಸ್ವಂತ ಕೆಲಸಕ್ಕೆ ಬಳಸಿಕೊಳ್ಳಬಹುದೇ, ಕೂಡದೇ ಎಂಬುದೇ ಆ ಪ್ರಶ್ನೆ. ಯಾವುದನ್ನಾದರೂ ನಿರ್ಣಯಿಸುವಾಗ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಕ್ರಮವನ್ನು ನಮ್ಮ ಶಾಸ್ತ್ರಗ್ರಂಥಗಳು ಹಿಡಿಯುತ್ತವೆ. ಲೌಕಿಕವಾದ ಈ ಪ್ರಶ್ನೆಗೂ ಅದೇ ಕ್ರಮ ಅನುಕೂಲವಾದೀತು.

ಮೊದಲು ವಿಷಯ. ಹುಲಿಕುಂಟೆಯ ಸುತ್ತಮುತ್ತಲಿನ ಸೀಮೆ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಸೀಮೆ, ಮಳೆ ಕಡಿಮೆಯಾದ ಸೀಮೆ. ಚಿಕ್ಕದೊಂದು ಕುಂಟೆಯಲ್ಲಿ ನೀರು ನಿಂತರೆ ಅದೇ ಊರಿಗೆ ಹೆಸರಾಗುವಂಥ ನಾಡು ಇದು. ಭೂಮಿಯನ್ನೇ ನೆಚ್ಚಿ ಕೂರಲಾಗದೆ ಇಲ್ಲಿನ ಅನೇಕ ಕುಟುಂಬಗಳ ಮಕ್ಕಳು ತುಮಕೂರು, ಬೆಂಗಳೂರುಗಳ ಕಚೇರಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಸೇರಿದ್ದಾರೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ, ಪಾವಗಡದ ತಿರುಮಣಿಯ ಬಳಿ ಸುಮಾರು 2,000 ಮೆಗಾವ್ಯಾಟ್ಟಿನ ಸೌರ ವಿದ್ಯುತ್ ಕ್ಷೇತ್ರ ಬಂದ ಮೇಲೆ, ಗುತ್ತಿಗೆ, ಸರಬರಾಜು, ಬಿಲ್ಲು ಎಂಬ ಮಾತುಗಳು ನಮ್ಮ ಮನೆಗಳಲ್ಲಿಯೂ ದಿನನಿತ್ಯದ ಮಾತುಗಳಾಗಿವೆ.

ಹೀಗೆ ಉದ್ಯೋಗದಲ್ಲಿರುವ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಅವನು ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದಾನೆ. ಸಂಧ್ಯಾವಂದನೆಯನ್ನು ಬಿಟ್ಟವನಲ್ಲ, ಏಕಾದಶಿಯನ್ನು ಮುರಿದವನಲ್ಲ, ಯಾರಿಂದಲೂ ಒಂದು ರೂಪಾಯಿ ಕೈಮುಟ್ಟಿ ತೆಗೆದುಕೊಂಡವನಲ್ಲ. ಊರಿನಲ್ಲಿ ಪಿತ್ರಾರ್ಜಿತ ಎರಡು ಎಕರೆಗೆ ಒಂದು ಕೊಳವೆಬಾವಿ ಕೊರೆಸಿ, ಬಿದ್ದುಹೋಗುತ್ತಿರುವ ಹಳೆಯ ಮನೆಯನ್ನು ಎತ್ತಿಕಟ್ಟಿ, ವಯಸ್ಸಾದ ತಾಯಿತಂದೆಗಳನ್ನು ಅಲ್ಲಿ ನೆಮ್ಮದಿಯಾಗಿ ಇರಿಸಬೇಕೆಂಬುದು ಅವನ ಆಸೆ. ಸಾಲವನ್ನೂ ಮಾಡಿದ್ದಾನೆ. ಕಾರ್ಖಾನೆಗೆ ಪೈಪು, ಸಿಮೆಂಟು, ಕಬ್ಬಿಣ, ಮೋಟಾರುಗಳನ್ನು ಒದಗಿಸುವವರೆಲ್ಲರೂ ಅವನಿಗೆ ಪರಿಚಿತರು. ಅವರಲ್ಲೊಬ್ಬನಿಗೆ ಅವನು ವಿಷಯ ತಿಳಿಸುತ್ತಾನೆ. ಆ ವರ್ತಕನು ಸಂತೋಷದಿಂದಲೇ ಕಾರ್ಖಾನೆಯ ದರಕ್ಕೆ ಸಾಮಾನು ಕೊಡುತ್ತಾನೆ. ಕಾರ್ಖಾನೆಗೆ ಬರುವ ಲಾರಿಯಲ್ಲಿಯೇ ಹೇರಿಸಿ ಕಳುಹಿಸುತ್ತಾನೆ. ಹಣವನ್ನು ಮೂರು ತಿಂಗಳು ಬಿಟ್ಟು ಕೊಟ್ಟರೂ ಆದೀತು ಎನ್ನುತ್ತಾನೆ. ಇದು ವಿಷಯ. ಇದರಲ್ಲಿ ದೋಷವುಂಟೇ, ಇಲ್ಲವೇ ಎಂಬುದು ಸಂಶಯ.

ಪೂರ್ವಪಕ್ಷವನ್ನು ಅಲಕ್ಷ್ಯ ಮಾಡುವಂತಿಲ್ಲ, ಅದು ಬಲವಾದದ್ದು. ಗೃಹಸ್ಥನು ಪುಕ್ಕಟೆಯಾಗಿ ಏನನ್ನೂ ತೆಗೆದುಕೊಂಡಿಲ್ಲ, ಹಣ ಕೊಟ್ಟಿದ್ದಾನೆ. ಕಾರ್ಖಾನೆಗೆ ಒಂದು ಕಾಸಿನ ನಷ್ಟವೂ ಆಗಿಲ್ಲ. ವರ್ತಕನಿಗೆ ಒಂದು ವ್ಯಾಪಾರ ಹೆಚ್ಚಾಯಿತು. ಹತ್ತು ವರ್ಷ ಈ ಕೆಲಸ ಮಾಡಿ, ಯಾರ ಮಾಲು ಒಳ್ಳೆಯದು, ಯಾರ ತೂಕ ಸರಿ ಎಂದು ಅನುಭವದಿಂದ ಅರಿತವನು ಆ ಅರಿವನ್ನು ತನ್ನ ಮನೆಗೆ ಮಾತ್ರ ಬಳಸಬಾರದೆಂದರೆ ಅದೆಂಥ ನ್ಯಾಯ? ವೈದ್ಯನು ತನ್ನ ಮಗುವಿಗೆ ಔಷಧ ಕೊಡಬಾರದೇ? ಅಡಿಗೆಯವನು ತನ್ನ ಮನೆಯಲ್ಲಿ ರುಚಿಯಾಗಿ ಅಡಿಗೆ ಮಾಡಬಾರದೇ? ಅಲ್ಲದೆ ಸಾಲ ಮಾಡಿ ಮನೆ ಕಟ್ಟುವವನಿಗೆ ಹತ್ತು ಸಾವಿರ ಉಳಿದರೆ ಅದು ಮಗಳ ಒಂದು ವರ್ಷದ ಶಾಲೆಯ ಖರ್ಚು. ಉಳ್ಳವರು ಧರ್ಮ ಹೇಳುವುದು ಸುಲಭ. ಹೀಗೆ ಪೂರ್ವಪಕ್ಷ.

ಇದಕ್ಕೆ ಸಮಾಧಾನ ಹೇಳುವ ಮೊದಲು ಪರಿಚಯ ಎಂಬ ಒಂದೇ ಪದದಲ್ಲಿ ಸೇರಿಕೊಂಡಿರುವ ಎರಡು ಬೇರೆ ವಸ್ತುಗಳನ್ನು ವಿಂಗಡಿಸಬೇಕು. ಮೊದಲನೆಯದು ಅರಿವು. ಯಾವ ವರ್ತಕ ಪ್ರಾಮಾಣಿಕ, ಯಾವ ಪೈಪು ಬಿಸಿಲಿಗೆ ಒಡೆಯುವುದಿಲ್ಲ, ಕೊಳವೆಬಾವಿ ಕೊರೆಯುವವರಲ್ಲಿ ಅಡಿಯ ಲೆಕ್ಕವನ್ನು ಸರಿಯಾಗಿ ಹೇಳುವವರಾರು ಎಂಬುದು ಅರಿವು. ದುಡಿಮೆಯಿಂದ ಬಂದ ಈ ಅರಿವು ದುಡಿದವನ ಸ್ವತ್ತೇ ಸರಿ. ಅದನ್ನು ತನ್ನ ಮನೆಗೂ ಬಳಸಬಹುದು, ನೆರೆಯವನು ಕೇಳಿದರೆ ಹೇಳಲೂಬಹುದು. ಕೆಲಸ ಬಿಟ್ಟು ಬೇರೆಡೆಗೆ ಹೋದರೂ ಅದು ಅವನೊಡನೆಯೇ ಹೋಗುತ್ತದೆ. ವೈದ್ಯನ, ಅಡಿಗೆಯವನ ದೃಷ್ಟಾಂತಗಳು ಇಷ್ಟರ ಮಟ್ಟಿಗೆ ಒಪ್ಪತಕ್ಕವು.

ಎರಡನೆಯದು ಬಲ. ವರ್ತಕನು ಕಾರ್ಖಾನೆಗೆ ಕಡಿಮೆ ದರದಲ್ಲಿ ಕೊಡುವುದು ಏತಕ್ಕೆ? ಅದು ವರ್ಷಕ್ಕೆ ಲಕ್ಷಾಂತರ ರೂಪಾಯಿಗಳ ಸಾಮಾನನ್ನು ಕೊಳ್ಳುತ್ತದೆಯೆಂಬುದಕ್ಕೆ. ನಮ್ಮ ಗೃಹಸ್ಥನಿಗೆ ಅದೇ ದರದಲ್ಲಿ ಕೊಡುವುದು ಏತಕ್ಕೆ? ಆ ಲಕ್ಷಾಂತರ ರೂಪಾಯಿಗಳ ಕೊಳ್ಳುವಿಕೆ ಅವನ ಲೇಖನಿಯ ತುದಿಯಲ್ಲಿದೆಯೆಂಬುದಕ್ಕೆ. ಈ ಬಲ ಅವನದಲ್ಲ. ಯಜಮಾನನು ತನ್ನ ಕೆಲಸಕ್ಕಾಗಿ ಅವನ ಕೈಯಲ್ಲಿ ಇರಿಸಿದ ನಿಕ್ಷೇಪ ಅದು. ಧರ್ಮಶಾಸ್ತ್ರಕಾರರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದು. ನೆರೆಯವನು ಕಾಶಿಗೆ ಹೋಗುವಾಗ ಇಟ್ಟುಹೋದ ಒಡವೆಯನ್ನು ಮಗಳ ಮದುವೆಯ ದಿನ ಒಂದು ಹೊತ್ತು ತೊಡಿಸಿ ಹಾಗೆಯೇ ತೆಗೆದಿಟ್ಟರೆ ಒಡವೆ ಸವೆಯುವುದಿಲ್ಲ, ನಿಜ. ಆದರೂ ಅದನ್ನು ಯಾವ ತಾಯಿಯೂ ಸರಿಯೆನ್ನಳು. ನಷ್ಟವಾಯಿತೇ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾರದ್ದು ಎಂಬುದು.

ಇವೆರಡರಲ್ಲಿ ತನಗೆ ಸಿಕ್ಕಿದ್ದು ಯಾವುದರ ಫಲವೆಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ನಾಳೆ ತಾನು ಆ ಕೆಲಸವನ್ನು ಬಿಟ್ಟರೆ ಈ ವರ್ತಕನು ಇದೇ ದರದಲ್ಲಿ, ಇಷ್ಟೇ ಬೇಗ, ಇಷ್ಟೇ ಸಾಲದಲ್ಲಿ ಕೊಡುವನೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಕೊಡುವನೆಂದು ಮನಸ್ಸು ಹೇಳಿದರೆ ಅದು ಅರಿವಿನ, ಸ್ನೇಹದ ಫಲ. ಕೊಡನು ಎಂದರೆ ಅದು ಕುರ್ಚಿಯ ಫಲ. ಕುರ್ಚಿಯ ಫಲವು ಕುರ್ಚಿಯ ಒಡೆಯನಿಗೆ ಸೇರತಕ್ಕದ್ದು.

ಇದನ್ನು ನಮ್ಮ ಹಿರಿಯರ ಕಥೆಯೊಂದು ಬಹು ಸೂಕ್ಷ್ಮವಾಗಿ ತಿಳಿಸುತ್ತದೆ. ಶ್ರೀಪುರಂದರದಾಸರು ದಾಸರಾಗುವ ಮೊದಲು ಶ್ರೀನಿವಾಸನಾಯಕರೆಂಬ ವರ್ತಕರಾಗಿದ್ದ ಕಾಲದ ಮೂಗುತಿಯ ಕಥೆ ಎಲ್ಲರಿಗೂ ಗೊತ್ತಿದೆ. ಮಗನ ಉಪನಯನಕ್ಕೆಂದು ಬೇಡಿ ಬಂದ ವೃದ್ಧ ಬ್ರಾಹ್ಮಣನಿಗೆ ನಾಯಕರು ಏನನ್ನೂ ಕೊಡದೆ ಸಾಗಹಾಕಿದರು. ಆತ ಅವರ ಪತ್ನಿಯ ಬಳಿ ಬಂದಾಗ ಆ ಸಾಧ್ವಿಯು ಪತಿಯ ಸ್ವತ್ತನ್ನು ತಾನು ಕೊಡುವಂತಿಲ್ಲವೆಂದಳು. ತೌರುಮನೆಯವರು ಕೊಟ್ಟದ್ದೇನಾದರೂ ಇದೆಯೇ ಎಂದು ಕೇಳಿದಾಗ ಮೂಗುತಿಯನ್ನು ಬಿಚ್ಚಿಕೊಟ್ಟಳು. ಆಕೆಯ ದಾನಬುದ್ಧಿಯನ್ನು ಎಲ್ಲರೂ ಹೊಗಳುತ್ತೇವೆ. ದಾನಕ್ಕೆ ಮೊದಲು ಆಕೆ ಮಾಡಿದ ವಿಂಗಡಣೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ಮನೆಯ ತುಂಬ ಐಶ್ವರ್ಯವಿತ್ತು, ಕೇಳುವವನು ಸತ್ಪಾತ್ರ, ಕಾರ್ಯ ಪುಣ್ಯಕಾರ್ಯ. ಹಾಗಿದ್ದರೂ ಕೈಗೆಟಕುವುದೆಲ್ಲ ತನ್ನದಲ್ಲವೆಂಬ ವಿವೇಕ ಆಕೆಯಲ್ಲಿತ್ತು. ಪರೋಪಕಾರಕ್ಕೇ ಇಷ್ಟು ವಿವೇಕ ಬೇಕಾದರೆ ಸ್ವೋಪಕಾರಕ್ಕೆ ಎಷ್ಟು ಬೇಕು!

ಇನ್ನು ಯಾರಿಗೂ ನಷ್ಟವಿಲ್ಲವೆಂಬ ಮಾತು. ನಮ್ಮ ಗೃಹಸ್ಥನ ಮನೆ ಮುಗಿದು ಗೃಹಪ್ರವೇಶವೂ ಆಗಿ ಆರು ತಿಂಗಳು ಕಳೆಯಿತೆನ್ನೋಣ. ಅದೇ ವರ್ತಕನಿಂದ ಕಾರ್ಖಾನೆಗೆ ಬಂದ ಮಾಲು ಕಳಪೆಯಾಗಿದೆ. ಮಾಲನ್ನು ಹಿಂದಿರುಗಿಸಬೇಕೆಂದು ಬರೆಯಬೇಕಾದ ಲೇಖನಿ ಇವನದೇ. ಇವನು ಬರೆಯುವನೇ? ಬರೆದಾನು, ಆದರೆ ಬರೆಯುವ ಮೊದಲು ಒಂದು ಕ್ಷಣ ಆ ಮೂರು ತಿಂಗಳ ಸಾಲ, ಆ ಲಾರಿ, ಗೃಹಪ್ರವೇಶದ ದಿನ ವರ್ತಕನು ಕೈಮುಗಿದು ನಿಂತ ರೀತಿ ಎಲ್ಲವೂ ನೆನಪಾಗುತ್ತವೆ. ಈ ಸಾರಿ ಹೋಗಲಿ, ಬಾಯಲ್ಲಿ ಹೇಳಿದರೆ ಸಾಕು ಎಂದು ಮನಸ್ಸು ಮೆತ್ತಗಾಗುತ್ತದೆ. ನಷ್ಟವಾದದ್ದು ಇಲ್ಲಿಯೇ. ಇದಕ್ಕೆ ಕನ್ನಡದಲ್ಲಿ ಒಂದು ನಿಷ್ಕೃಷ್ಟವಾದ ಮಾತಿದೆ: ಹಂಗು. ಲಂಚವನ್ನು ಹಿಂದಿರುಗಿಸಬಹುದು, ಹಂಗನ್ನು ಹಿಂದಿರುಗಿಸುವುದು ಹೇಗೆ?

ದಾಕ್ಷಿಣ್ಯವೆಂಬುದು ಸದ್ಗುಣವೇ. ಉಪಕಾರವನ್ನು ನೆನೆಯದವನು ಕೃತಘ್ನನೆನಿಸುತ್ತಾನೆ. ಆದುದರಿಂದಲೇ ಅಪಾಯ ಹೆಚ್ಚು. ಇಲ್ಲಿ ಮನುಷ್ಯನನ್ನು ಬಗ್ಗಿಸುವುದು ಅವನ ದುರ್ಗುಣವಲ್ಲ, ಸದ್ಗುಣ. ಮಹಾಭಾರತದಲ್ಲಿ ಶಲ್ಯರಾಜನಿಗೆ ಆದದ್ದು ಇದೇ. ಅವನು ಮಾದ್ರಿಯ ಅಣ್ಣ, ನಕುಲಸಹದೇವರ ಸೋದರಮಾವ. ಸೈನ್ಯದೊಡನೆ ಪಾಂಡವರ ಕಡೆಗೇ ಹೊರಟಿದ್ದವನು. ದಾರಿಯುದ್ದಕ್ಕೂ ಅವನಿಗಾಗಿ ಸಭೆಗಳು ಸಿದ್ಧವಾಗಿದ್ದುವು, ಅನ್ನಪಾನಗಳು ಸಿದ್ಧವಾಗಿದ್ದುವು. ಯುಧಿಷ್ಠಿರನ ಏರ್ಪಾಡೆಂದು ತಿಳಿದು ಸಂತುಷ್ಟನಾಗಿ, ಇದನ್ನು ಮಾಡಿದವರಿಗೆ ಬಹುಮಾನ ಕೊಡಬೇಕೆಂದಾಗ ಎದುರಿಗೆ ಬಂದು ನಿಂತವನು ದುರ್ಯೋಧನ. ಕೇಳಿದ ವರ ತನ್ನ ಪಕ್ಷದಲ್ಲಿ ಯುದ್ಧ. ಶಲ್ಯನು ಒಪ್ಪಿದ. ಒಪ್ಪದಿದ್ದರೆ ಕೃತಘ್ನನಾಗುತ್ತಿದ್ದ, ಒಪ್ಪಿದ್ದರಿಂದ ತಂಗಿಯ ಮಕ್ಕಳಿಗೆ ಎದುರಾದ. ಊಟಕ್ಕೆ ಕೂರುವ ಮೊದಲು ಇದು ಯಾರ ಮನೆಯ ಊಟವೆಂದು ಕೇಳದಿದ್ದದ್ದೇ ಅವನ ತಪ್ಪು. ಯುದ್ಧದ ಮುಂಜಾನೆ ಧರ್ಮರಾಜನು ಕವಚವನ್ನು ಕಳಚಿ ಆಶೀರ್ವಾದ ಬೇಡಲು ಹೋದಾಗ ಭೀಷ್ಮ, ದ್ರೋಣರಂಥವರೂ ಕೌರವರ ಅರ್ಥಕ್ಕೆ ಕಟ್ಟುಬಿದ್ದಿದ್ದೇವೆಂದೇ ಹೇಳಿಕೊಂಡರು. ಅಂಥ ಮಹಾತ್ಮರ ನಾಲಗೆಯನ್ನೇ ಕಟ್ಟಿದ ಹಂಗು ನಮ್ಮಂಥವರ ಲೇಖನಿಯನ್ನು ಕಟ್ಟದೆ ಬಿಟ್ಟೀತೇ?

ಹಾಗೆಯೇ ಇನ್ನೊಂದು ಪಕ್ಷದ ಕಷ್ಟವನ್ನೂ ನೋಡಬೇಕು. ವರ್ತಕನು ಸಂತೋಷದಿಂದ ಕೊಟ್ಟನೆಂದೆವು. ಅದು ಸಂತೋಷವೆಂದು ನಮಗೆ ತಿಳಿಯುವುದು ಹೇಗೆ? ವರ್ಷದ ಅರ್ಧ ವ್ಯಾಪಾರ ಯಾರ ಕೈಯಲ್ಲಿದೆಯೋ ಅವರು ಕೇಳಿದಾಗ ಇಲ್ಲವೆನ್ನುವ ಶಕ್ತಿ ಸಣ್ಣ ಬಡಗಿಗೆ, ಬಣ್ಣ ಬಳಿಯುವ ಮೇಸ್ತ್ರಿಗೆ, ಸಾಲದ ಮೇಲೆ ಲಾರಿ ಓಡಿಸುವವನಿಗೆ ಇರುವುದಿಲ್ಲ. ಕೇಳುವವನು ವಿನಂತಿಯೆಂದುಕೊಂಡದ್ದು ಕೇಳಿಸಿಕೊಳ್ಳುವವನಿಗೆ ಆಜ್ಞೆಯಾಗಿರುತ್ತದೆ. ಅವನು ನಗುತ್ತ ಒಪ್ಪಿ, ಆ ಕೊರತೆಯನ್ನು ತನ್ನ ಕೂಲಿಯಾಳುಗಳ ಬಟವಾಡೆಯಲ್ಲಿಯೋ ಕಾರ್ಖಾನೆಗೆ ಕೊಡುವ ಮುಂದಿನ ದರಪಟ್ಟಿಯಲ್ಲಿಯೋ ತುಂಬಿಕೊಳ್ಳುತ್ತಾನೆ. ಹಾಗಾದಾಗ ನಮಗೆ ಉಳಿದ ಹತ್ತು ಸಾವಿರವನ್ನು ಯಾರೋ ನಾವು ಕಾಣದವರು ಕೊಟ್ಟಂತಾಯಿತು.

ಈ ಸೂಕ್ಷ್ಮವನ್ನು ಲೌಕಿಕ ಕಾನೂನೂ ಬಹು ಹಿಂದೆಯೇ ಕಂಡಿತ್ತು. 1860ರ ಭಾರತೀಯ ದಂಡ ಸಂಹಿತೆಯ 165ನೆಯ ಕಲಮಿನ ಕೆಳಗೆ ಒಂದು ಉದಾಹರಣೆಯಿತ್ತು. ಒಬ್ಬ ಕಲೆಕ್ಟರನು, ತನ್ನ ಮುಂದೆ ಜಮೀನಿನ ಬಂದೋಬಸ್ತಿನ ವ್ಯಾಜ್ಯವಿರುವ ಒಬ್ಬನ ಮನೆಯನ್ನು ಬಾಡಿಗೆಗೆ ಹಿಡಿಯುತ್ತಾನೆ. ನ್ಯಾಯವಾದ ಬಾಡಿಗೆ ತಿಂಗಳಿಗೆ 200 ರೂಪಾಯಿ, ಇವನು ಕೊಡುವುದು 50. ಬಾಡಿಗೆ ಕೊಟ್ಟಿದ್ದಾನೆ, ಆದರೂ ಅಪರಾಧಿ. ಆ ಕಲಮು 1988ರ ಭ್ರಷ್ಟಾಚಾರ ತಡೆ ಕಾಯಿದೆಯ 11ನೆಯ ಕಲಮಿನಲ್ಲಿ ಮುಂದುವರಿದಿದೆ. ಕೇಂದ್ರ ಸರ್ಕಾರದ ನೌಕರರಿಗಾಗಿ 1964ರಲ್ಲಿ ಬಂದ ನಡತೆಯ ನಿಯಮಗಳಲ್ಲಿ 18ನೆಯದು ಇನ್ನೂ ಗಮನಾರ್ಹ. ತನ್ನೊಡನೆ ಕಚೇರಿಯ ವ್ಯವಹಾರವುಳ್ಳವರೊಡನೆ ನೌಕರನು ಆಸ್ತಿಯ, ಬೆಲೆಬಾಳುವ ವಸ್ತುಗಳ ಕ್ರಯವಿಕ್ರಯ ಮಾಡಬೇಕಾದರೆ ಮೊದಲೇ ಅನುಮತಿ ಪಡೆಯಬೇಕೆಂದು ಅದು ಹೇಳುತ್ತದೆ. ವ್ಯವಹಾರವೇ ಕೂಡದೆನ್ನಲಿಲ್ಲ; ಗುಟ್ಟಾಗಿ ಕೂಡದೆಂದಿತು. ಅನೇಕ ಖಾಸಗಿ ಸಂಸ್ಥೆಗಳೂ ಇಂದು ಇಂಥ ಸಂದರ್ಭಗಳನ್ನು ನೌಕರರು ಬರೆದು ತಿಳಿಸಬೇಕೆಂದು ವಿಧಿಸುತ್ತವೆ.

ನಮ್ಮ ನಾಡಿನಲ್ಲಿ ಈ ಧರ್ಮಕ್ಕೆ ನಿದರ್ಶನವೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದು 1912ರಲ್ಲಿ ದಿವಾನರಾದ ಅವರು, ಆ ಪದವಿಯನ್ನು ಒಪ್ಪುವ ಮೊದಲು ಬಂಧುಗಳನ್ನೆಲ್ಲ ಊಟಕ್ಕೆ ಕರೆದು, ಯಾರೂ ತಮ್ಮಿಂದ ಯಾವ ಸಹಾಯವನ್ನೂ ಕೇಳಕೂಡದೆಂದು ಮಾತು ತೆಗೆದುಕೊಂಡರೆಂಬುದು ಪ್ರಸಿದ್ಧವಾಗಿದೆ. ಸರ್ಕಾರದ ಮೇಣದ ಬತ್ತಿ ಬೇರೆ, ಸ್ವಂತದ್ದು ಬೇರೆ ಇಟ್ಟುಕೊಂಡಿದ್ದರೆಂಬ ಕಥೆಯನ್ನು ಕೇಳದ ಮಕ್ಕಳಿಲ್ಲ. ಮೇಣದ ಬತ್ತಿ ಕಣ್ಣಿಗೆ ಕಾಣುವಂತೆ ಕರಗುತ್ತದೆ, ಆದುದರಿಂದ ಲೆಕ್ಕ ಸುಲಭ. ಪರಿಚಯ ಕರಗುವುದು ಕಾಣುವುದಿಲ್ಲ. ಅದರ ಲೆಕ್ಕವನ್ನು ಇಡತಕ್ಕವನು ತಾನೊಬ್ಬನೇ. ಇಲ್ಲಿನ ಕಷ್ಟವೆಲ್ಲ ಇರುವುದು ಅದರಲ್ಲಿ.

ಇಷ್ಟು ಹೇಳಿದ ಮೇಲೆ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಬೆಂಗಳೂರಿನಲ್ಲಾದರೆ ಬೀದಿಗೆ ಹತ್ತು ಅಂಗಡಿ. ಒಬ್ಬನನ್ನು ಬಿಟ್ಟು ಇನ್ನೊಬ್ಬನ ಬಳಿ ಹೋಗಬಹುದು. ಹಳ್ಳಿಯಲ್ಲಿ ಇರುವುದೇ ಒಂದು ಅಂಗಡಿ, ಒಬ್ಬ ಗಾರೆಯ ಮೇಸ್ತ್ರಿ, ಒಬ್ಬ ಶಾಮಿಯಾನದವನು. ಪಂಚಾಯಿತಿಯ ಕೆಲಸ ಮಾಡುವವನೇ ಪಂಚಾಯಿತಿಯ ಗುಮಾಸ್ತನ ಮನೆಯ ಕೆಲಸವನ್ನೂ ಮಾಡಬೇಕು. ಆಗ ಗತಿಯೇನು? ಧರ್ಮವು ಅಸಾಧ್ಯವನ್ನು ವಿಧಿಸುವುದಿಲ್ಲ. ಅಂಥಲ್ಲಿ ಕೆಲವು ಕಟ್ಟುಗಳನ್ನು ಹಾಕಿಕೊಂಡರೆ ಸಾಕು. ಮೇಲಿನವರಿಗೆ ಮೊದಲೇ ತಿಳಿಸುವುದು ಮೊದಲನೆಯದು. ಪರಿಚಯವಿಲ್ಲದ ಗಿರಾಕಿಯು ಕೊಡುವ ದರವನ್ನೇ ಕೊಟ್ಟು ರಸೀದಿ ಪಡೆಯುವುದು ಎರಡನೆಯದು. ಸಾಲ ಹೇಳದಿರುವುದು ಮೂರನೆಯದು. ಬೇರೆಯವರಿಗೆ ತಡಮಾಡಿದರೂ ಇವನಿಗೆ ಮಾತ್ರ ಅಂದೇ ಹಣ ಸಲ್ಲಬೇಕು. ಆ ವರ್ತಕನ ಬಿಲ್ಲನ್ನೋ ದರಪಟ್ಟಿಯನ್ನೋ ಪರಿಶೀಲಿಸುವ ಕೆಲಸವನ್ನು ಕೆಲಕಾಲ ಇನ್ನೊಬ್ಬರಿಗೆ ಬಿಡುವುದು ನಾಲ್ಕನೆಯದು. ಇವಿಷ್ಟನ್ನು ಮಾಡಲು ಸಂಕೋಚವಾದರೆ, ಆ ಸಂಕೋಚವೇ ಉತ್ತರ ಹೇಳಿದಂತಾಯಿತು.

ಈ ಮಾತು ಕಾರ್ಖಾನೆ ಕಚೇರಿಗಳಿಗೆ ಮಾತ್ರವಲ್ಲ, ದೇವಸ್ಥಾನಕ್ಕೂ ಅನ್ವಯಿಸುತ್ತದೆ. ರಾಮನವಮಿಗೋ ಗುರುಗಳ ಆರಾಧನೆಗೋ ಹೂವಿನವರು, ಹಾಲಿನವರು, ಅಡಿಗೆಯವರು, ಪೆಂಡಾಲಿನವರು ದೇವಸ್ಥಾನದ ಕಾರ್ಯವೆಂದು ಕಡಿಮೆಗೆ ಮಾಡಿಕೊಡುತ್ತಾರೆ. ಆ ಕಡಿಮೆ ಅವರು ದೇವರಿಗೆ ಸಲ್ಲಿಸಿದ ಸೇವೆ. ಉತ್ಸವದ ಹೊಣೆ ಹೊತ್ತವನು ಮುಂದಿನ ತಿಂಗಳು ತನ್ನ ಮಗನ ಉಪನಯನಕ್ಕೆ ಅದೇ ದರವನ್ನು ಕೇಳಿದರೆ, ದೇವರಿಗೆ ಸಂದ ಸೇವೆಯಲ್ಲಿ ತಾನು ಪಾಲು ಕೇಳಿದಂತೆ. ಅರ್ಚಕರಾದ ನಮ್ಮ ತಂದೆಯವರು ದೀಪದೆಣ್ಣೆ ತರುವ ಅಂಗಡಿಯೇ ಮನೆಗೂ ಹತ್ತಿರದ ಅಂಗಡಿ. ದೇವಸ್ಥಾನದ ಸಾಮಾನು ತರುವ ಹೊತ್ತಿನಲ್ಲಿ ಅವರು ಮನೆಯ ಸಾಮಾನನ್ನು ಕೇಳುವುದಿಲ್ಲ. ಮನೆಯದಕ್ಕೆ ಬೇರೆ ಹೊತ್ತು, ಬೇರೆ ಚೀಲ, ಬೇರೆ ಚೀಟಿ. ಅಂಗಡಿಯವನು, "ಐನೋರೇ, ನಿಮ್ಮ ಮನೇದು ಅಂತ ಒಂದು ಸೌಟು ಜಾಸ್ತಿ ಹಾಕಿದೀನಿ" ಎಂದರೆ, "ಅದನ್ನ ದೇವರ ಡಬ್ಬಕ್ಕೆ ಹಾಕಪ್ಪ" ಎನ್ನುತ್ತಾರೆ. ಒಂದು ಸೌಟು ಎಣ್ಣೆಯಿಂದ ಯಾರೂ ಬಡವರಾಗರು. ಆದರೆ ಮುಂದೊಂದು ದಿನ ಎಣ್ಣೆ ಕಲಬೆರಕೆಯಾಗಿ ಬಂದರೆ ಅದೇ ಅಂಗಡಿಯವನೆದುರು ನಿಂತು, ಇದು ಬೇಡ, ತೆಗೆದುಕೊಂಡು ಹೋಗು ಎನ್ನುವ ಸ್ವಾತಂತ್ರ್ಯ ಉಳಿದಿರುತ್ತದೆ.

ಈಶಾವಾಸ್ಯದ ಮೊದಲ ಮಂತ್ರಕ್ಕೆ ಶ್ರೀಮದಾಚಾರ್ಯರು ತಿಳಿಸಿದ ಅಭಿಪ್ರಾಯವನ್ನು ಇಲ್ಲಿ ಸ್ಮರಿಸುವುದು ಉಚಿತ. ಜಗತ್ತೆಲ್ಲವೂ ಭಗವಂತನ ಅಧೀನ, ಆದುದರಿಂದ ಅವನದೇ ಸ್ವತ್ತು. ಅವನು ನಿನಗೆಂದು ಕೊಟ್ಟಿದ್ದರಿಂದ ಜೀವಿಸು, ಇತರರನ್ನು ಯಾಚಿಸಬೇಡ ಎಂಬುದು ಅದರ ತಾತ್ಪರ್ಯ. ಯಾಚನೆಯೆಂದರೆ ಕೈಚಾಚುವುದು ಮಾತ್ರವೆಂದು ನಾವು ತಿಳಿದಿದ್ದೇವೆ. ಪದವಿಯನ್ನು ಮುಂದಿಟ್ಟುಕೊಂಡು ದರ ಇಳಿಸಿಕೊಳ್ಳುವುದೂ ಯಾಚನೆಯೇ. ಭಿಕ್ಷುಕನಿಗಾದರೆ ಇಲ್ಲವೆನ್ನಬಹುದು, ಇವನಿಗೆ ಇಲ್ಲವೆನ್ನಲಾಗದು ಎಂಬಷ್ಟೇ ಭೇದ. ಮಾಡಿದ ಕರ್ಮವನ್ನೆಲ್ಲ ಪ್ರತಿದಿನವೂ ಶ್ರೀಕೃಷ್ಣನಿಗೆ ಅರ್ಪಿಸುವವರು ನಾವು. ಕಚೇರಿಯ ಕೆಲಸವೂ ಆ ಅರ್ಪಣೆಯಲ್ಲಿ ಸೇರಿದ್ದೇ ಅಲ್ಲವೇ? ಅರ್ಪಿಸುವ ವಸ್ತುವಿನಿಂದ ಒಂದು ಚಿಟಿಕೆಯನ್ನು ಮೊದಲೇ ಬಾಯಿಗೆ ಹಾಕಿಕೊಂಡರೆ ಅದು ನೈವೇದ್ಯವಾಗದೆಂದು ಮಕ್ಕಳಿಗೂ ಗೊತ್ತು.

ಆದುದರಿಂದ ನಿರ್ಣಯವಿದು. ದುಡಿಮೆಯಲ್ಲಿ ಕಲಿತ ಅರಿವನ್ನು ಮನೆಗೆ ತರಬಹುದು, ಯಜಮಾನನು ಕೊಟ್ಟ ಬಲವನ್ನು ತರಕೂಡದು. ಅದೇ ಅಂಗಡಿಗೆ ಹೋಗಲೇಬೇಕಾದಲ್ಲಿ ಯಾರಿಗೂ ಮುಚ್ಚಿಡದೆ, ಎಲ್ಲರೂ ಕೊಡುವ ಬೆಲೆಯನ್ನು ಕೊಟ್ಟು ಬರತಕ್ಕದ್ದು. ಹೀಗೆ ನಡೆದವನ ಮನೆ ಕೆಲವು ಸಾವಿರ ರೂಪಾಯಿ ಹೆಚ್ಚಿನ ಬೆಲೆಗೆ ಕಟ್ಟಿದ ಮನೆಯಾದೀತು, ಒಂದು ಕೋಣೆ ಕಡಿಮೆಯೂ ಆದೀತು. ಆ ಕೋಣೆಯ ಬೆಲೆಗೆ ಅವನು ಕೊಂಡದ್ದು, ಬೇಡವೆನ್ನಬೇಕಾದಲ್ಲಿ ಬೇಡವೆನ್ನುವ ಸ್ವಾತಂತ್ರ್ಯವನ್ನು. ತಾಯಿತಂದೆಗಳಿಗೆ ಮಗ ಕಟ್ಟಿಸಿಕೊಟ್ಟ ಮನೆಯಲ್ಲಿ ಅದೂ ಒಂದು ನೆಮ್ಮದಿ.

॥ ಶ್ರೀಕೃಷ್ಣಾರ್ಪಣಮಸ್ತು ॥